ಬೆರಳಿಗೆ ಸಡಿಲ, ಚೀಲಕ್ಕೆ ಬಿಗಿ

ಮದುವೆಮನೆಯ ಫೋಟೊಗ್ರಾಫರ್‌ಗೆ ಮಾಂಗಲ್ಯಧಾರಣೆ ಎರಡನೇ ಸಲ ಸಿಗುವುದಿಲ್ಲ. ಬೀಗರ ಗುಂಪನ್ನೋ ಆರತಕ್ಷತೆಯ ಸಾಲನ್ನೋ 'ಇನ್ನೊಂದ್ ಸಲ ಇತ್ಲಾಗ್ ನೋಡ್ರಿ' ಎಂದು ಕೇಳಿ ಮತ್ತೆ ತೆಗೆಯಬಹುದು. ಗಟ್ಟಿಮೇಳ ಮೊಳಗಿ ಮೂರು ಗಂಟು ಬೀಳುವ ಆ ಕೆಲವು ಸೆಕೆಂಡುಗಳನ್ನು ಯಾರ ಬಳಿಯೂ ಕೇಳಲಾಗದು. ಬಳ್ಳಾರಿಯ ಕೌಲ್ ಬಜಾರ್ ಕಡೆ ಮದುವೆ, ನಿಖಾ, ಜಾತ್ರೆ ಎಂದು ಎರಡೆರಡು ಕ್ಯಾಮೆರಾ ಹೆಗಲಿಗೇರಿಸಿ ಓಡಾಡುವವರಿಗೆ ಇದು ದಿನನಿತ್ಯದ ಒತ್ತಡ. ಅಂಥ ಹೊತ್ತಿನಲ್ಲೇ ಕ್ಯಾಮೆರಾ ಎತ್ತಿ ಒತ್ತಿದರೆ ಚಿತ್ರ ಕಪ್ಪಗೆ ಬರುತ್ತದೆ, ಇಲ್ಲವೇ ಪೂರಾ ಬಿಳಿಚಿಕೊಂಡಿರುತ್ತದೆ. ಲೆನ್ಸ್ ಚೆನ್ನಾಗಿದೆ, ಬ್ಯಾಟರಿ ತುಂಬಿದೆ, ಬೆಳಕಿಗೂ ಕೊರತೆಯಿಲ್ಲ. ಹೆಗಲಿನಿಂದ ಇಳಿಬಿದ್ದ ಕ್ಯಾಮೆರಾ ಸೊಂಟದ ಬೆಲ್ಟಿಗೆ ತಿಕ್ಕಿ, ಮೇಲಿನ ಡಯಲ್ ಒಂದು ಮನೆ ಆಚೆ ಸರಿದಿದೆ, ಅಷ್ಟೇ.

'ನೋಡ್ಕೋಬಾರ್ದೇನ್ರೀ' ಎಂಬ ಬೈಗುಳ ಬೀಳುವುದು ಫೋಟೊಗ್ರಾಫರ್ ಮೇಲೆ. ಅದರ ಬಹುಪಾಲು ಸಲ್ಲಬೇಕಾದದ್ದು ಆ ಡಯಲ್ ರೂಪಿಸಿದವರಿಗೆ ಎಂಬುದು ನನ್ನ ವಾದ. ಈ ವಾದದ ಬೇರು ಕ್ಯಾಮೆರಾದಲ್ಲಿಲ್ಲ, ವಿಮಾನದಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ತಾವಾಗಿಯೇ ಎಂಬಂತೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ರೆಕ್ಕೆಯ ಫ್ಲಾಪ್ ಎತ್ತಬೇಕಿದ್ದ ಪೈಲಟ್ ಚಕ್ರವನ್ನೇ ಮಡಚಿಬಿಡುತ್ತಿದ್ದ. ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ಟಿನೊಳಗೆ ಕೂತು ನೋಡಿದಾಗ ಎರಡು ಸ್ವಿಚ್‌ಗಳೂ ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದವು. ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರ, ಫ್ಲಾಪಿನ ಹಿಡಿಗೆ ಬೆಣೆಯ ಆಕಾರ ಕೊಟ್ಟರೆ ಬೆರಳೇ ಗುರುತಿಸುತ್ತದೆ ಎಂದು ಅವರು ಸೂಚಿಸಿದರು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 'ಪೈಲಟ್ ತಪ್ಪು' ಎಂದು ಕರೆಯಲಾಗುತ್ತಿದ್ದ 460 ಪ್ರಸಂಗಗಳನ್ನು ಒಟ್ಟುಹಾಕಿ ಪರಿಶೀಲಿಸಿದರು. ತಪ್ಪುಗಳ ಹಿಂದೆ ಮತ್ತೆ ಮತ್ತೆ ಕಂಡದ್ದು ಹಿಡಿಗಳ ಜಾಗ, ಆಕಾರ, ತಿರುಗುವ ದಿಕ್ಕು. ಮುಂದೆ 1981ರಲ್ಲಿ ಡೊನಾಲ್ಡ್ ನಾರ್ಮನ್ ಇದಕ್ಕೊಂದು ಶಾಸ್ತ್ರೀಯ ಚೌಕಟ್ಟು ಕೊಟ್ಟರು: ಯೋಚನೆಯೇ ತಪ್ಪಾಗುವುದು ಒಂದು ಬಗೆ, ಯೋಚನೆ ಸರಿಯಿದ್ದೂ ಕೈ ಜಾರುವುದು ಇನ್ನೊಂದು ಬಗೆ. ಎರಡಕ್ಕೂ ಮದ್ದು ಬೇರೆ ಬೇರೆ.

ಕ್ಯಾಮೆರಾದ ತೊಂದರೆ ಇವೆರಡರಿಂದಲೂ ಒಂದು ಹೆಜ್ಜೆ ಆಚೆಗಿದೆ. ಇಲ್ಲಿ ಕೈ ಜಾರಿರುವುದೂ ಇಲ್ಲ. ಸೊಂಟ, ಚೀಲ, ಹೆಬ್ಬೆರಳಿನ ಬುಡ, ಕೆಲವೊಮ್ಮೆ ಮೂಗು ಸಹ ಕ್ಯಾಮೆರಾಕ್ಕೆ ಆಜ್ಞೆ ಕೊಟ್ಟುಬಿಡುತ್ತವೆ. ಯಂತ್ರ ಅದನ್ನು ಒಡೆಯನ ಮಾತೆಂದೇ ಪಾಲಿಸುತ್ತದೆ.

ಹಾಗಾಗದಂತೆ ತಡೆಯುವ ಮೊದಲ ಕಾವಲು ಡಯಲ್ ಒಳಗಿದೆ. ಡಯಲ್ ತಿರುಗಿಸಿದಾಗ 'ಟಿಕ್ ಟಿಕ್' ಎನ್ನುವುದು ಚಂದಕ್ಕಾಗಿ ಅಲ್ಲ. ಡಯಲ್‌ನ ಅಡಿ ಒಂದು ಪುಟ್ಟ ಉಕ್ಕಿನ ಗುಂಡು, ಅದನ್ನು ಒತ್ತಿ ಹಿಡಿದ ಸ್ಪ್ರಿಂಗ್, ಎದುರಿಗೆ ಸುತ್ತಲೂ ಕೊರೆದ ಕಚ್ಚುಗಳು ಇರುತ್ತವೆ. ಗುಂಡು ಕಚ್ಚಿನಲ್ಲಿ ಕೂತಿರುವಷ್ಟು ಹೊತ್ತು ಡಯಲ್ ಕದಲದು. ಅದನ್ನು ಏಣು ಹತ್ತಿಸಿ ಪಕ್ಕದ ಕಚ್ಚಿಗೆ ಬೀಳಿಸಲು ಇಂತಿಷ್ಟು ಬಲ ಬೇಕು. ಸ್ಪ್ರಿಂಗ್ ಬಿಗಿಯಾದಷ್ಟೂ, ಕಚ್ಚಿನ ಗೋಡೆ ಕಡಿದಾದಷ್ಟೂ ಹೆಚ್ಚು ಬಲ. ಹಾಗಾದರೆ ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡಿದರೆ ಮುಗಿಯಿತಲ್ಲ ಎನಿಸಬಹುದು. ಮುಗಿಯುವುದಿಲ್ಲ, ಏಕೆಂದರೆ ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಒಂದೇ ಬೆರಳಲ್ಲಿ ಅದನ್ನು ತಿರುಗಿಸಬೇಕಾದವನಿಗೆ ಆ ಬಿಗಿಯೇ ಶತ್ರು. ಹೆಬ್ಬೆರಳಿಗೆ ಸುಲಭವಾಗಿ ಸಿಗಲೆಂದು ಡಯಲನ್ನು ಅಂಚಿನಿಂದ ಹೊರಚಾಚಿದರೆ ಚೀಲಕ್ಕೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಕ್ಯಾಮೆರಾ ವಿನ್ಯಾಸದ ನಿಜವಾದ ಕಷ್ಟ ಇರುವುದು ಇಲ್ಲಿ. ಬೆರಳನ್ನೂ ಬಟ್ಟೆಯನ್ನೂ ಬೇರೆ ಮಾಡಿ ಗುರುತಿಸುವ ಬುದ್ಧಿಯನ್ನು ಒಂದು ತುಂಡು ಲೋಹಕ್ಕೆ ಕಲಿಸಬೇಕು.

ಕಲಿಸಲು ಸಾಧ್ಯವಿದೆ. ಬೆರಳ ತುದಿ ಮೆತ್ತಗಿದೆ, ಒತ್ತಿದರೆ ಸಣ್ಣ ತಗ್ಗಿನೊಳಕ್ಕೂ ಇಳಿಯುತ್ತದೆ. ಬಿಗಿದ ಬೆಲ್ಟು, ಚೀಲದ ಬದಿ ಹಾಗಲ್ಲ, ತಗ್ಗಿನ ಮೇಲೆಯೇ ಹಾಯ್ದುಹೋಗುತ್ತವೆ. ಆದ್ದರಿಂದ ಚಕ್ರವನ್ನು ಮೈಮಟ್ಟಕ್ಕಿಂತ ತುಸು ಒಳಗೆ ಹುದುಗಿಸಿದರೆ ಬೆರಳಿಗೆ ಮಾತ್ರ ಸಿಗುತ್ತದೆ. ಬೆರಳುಗಳು ಎರಡು ಕಡೆಯಿಂದ ಹಿಡಿದು ತಿರುಚಬಲ್ಲವು, ಬಟ್ಟೆಯ ತಿಕ್ಕಾಟ ಬರುವುದು ಒಂದೇ ಬದಿಯಿಂದ. ಎಲ್ಲಕ್ಕಿಂತ ಮುಖ್ಯ, ಬೆರಳುಗಳು ಏಕಕಾಲಕ್ಕೆ ಎರಡು ಬೇರೆ ಕೆಲಸ ಮಾಡಬಲ್ಲವು. ನಡುವಿನ ಗುಂಡಿ ಒತ್ತು, ಒತ್ತಿಕೊಂಡೇ ತಿರುಗಿಸು ಎಂದರೆ ಮನುಷ್ಯ ಮಾಡುತ್ತಾನೆ. ಚೀಲವೊಂದು ಆಕಸ್ಮಿಕವಾಗಿ ಎರಡನ್ನೂ ಒಂದೇ ಕ್ಷಣದಲ್ಲಿ ಮಾಡುವುದು ತೀರಾ ಅಪರೂಪ.

ಈ ಉಪಾಯ ನೋಡಲು ಕೌಲ್ ಬಜಾರಿನವರು ಕ್ಯಾಮೆರಾ ಅಂಗಡಿಗೆ ಹೋಗಬೇಕಾಗಿಲ್ಲ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಇಲ್ಲಿನ ಘಟಕಗಳಲ್ಲಿ ಕಾಣುವ, ಜೂಕಿಯಂಥ ಕೈಗಾರಿಕಾ ಹೊಲಿಗೆ ಯಂತ್ರದ ಮುಂದೆ ನಿಂತು ನೋಡಬಹುದು. ಹೊಲಿಗೆಯ ಉದ್ದ ಹೊಂದಿಸುವ ಡಯಲ್ ಅಲ್ಲಿ ಎದುರಿಗೇ ಇದೆ, ಅಂಕಿಗಳು ಮಿಲಿಮೀಟರಿನಲ್ಲಿವೆ. ಅದನ್ನು ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಗೆ ಇಳಿಸಬೇಕಾದರೆ ಕೆಳಗಿನ ರಿವರ್ಸ್ ಲಿವರನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಡಯಲ್ ತಿರುಗಿಸಬೇಕು. ದಪ್ಪ ಡೆನಿಮ್ಮಿನ ರಾಶಿಯನ್ನು ದಿನವಿಡೀ ಎಳೆದಾಡುವ ಜಾಗದಲ್ಲಿ ಬಟ್ಟೆ ತಾಗಿ ಹೊಲಿಗೆ ಚಿಕ್ಕದಾಯಿತು ಎಂಬ ಮಾತಿಗೆ ಇದು ಎಡೆ ಕೊಡುವುದಿಲ್ಲ. ಅದೇ ರಿವರ್ಸ್ ಲಿವರನ್ನು ಮಾತ್ರ ಒಂದು ತಟ್ಟಿಗೆ ಇಳಿಯುವಂತೆ ಮಾಡಿದ್ದಾರೆ, ಪ್ರತಿ ಹೊಲಿಗೆಯ ತುದಿಯಲ್ಲೂ ಅದು ಬೇಕು. ಪದೇ ಪದೇ ಮುಟ್ಟುವುದು ಸಡಿಲ, ಅಪರೂಪಕ್ಕೆ ಮುಟ್ಟುವುದು ಬಿಗಿ. ಯಂತ್ರ ಕಟ್ಟುವವರು ಬಹಳ ಹಿಂದೆಯೇ ಕಂಡುಕೊಂಡ ಲೆಕ್ಕ ಇದು.

ಫಿಲ್ಮ್ ಕಾಲದ ಕ್ಯಾಮೆರಾಗಳೂ ಈ ಲೆಕ್ಕವನ್ನು ಪಾಲಿಸಿದ್ದವು. 1976ರ ಪೆಂಟ್ಯಾಕ್ಸ್ ಕೆ1000, 1982ರ ನಿಕಾನ್ ಎಫ್‌ಎಂ2 ತೆಗೆದುಕೊಳ್ಳಿ. ಶಟರ್ ವೇಗದ ಡಯಲ್ ನೇರವಾಗಿ ತಿರುಗುತ್ತದೆ. ಫಿಲ್ಮಿನ ಸಂವೇದನೆ, ಅಂದರೆ ಐಎಸ್‌ಒ ಬದಲಿಸಲು ಅದೇ ಡಯಲಿನ ಹೊರಬಳೆಯನ್ನು ಉಗುರಿನಿಂದ ಮೇಲಕ್ಕೆತ್ತಿ ಆಮೇಲೆ ತಿರುಗಿಸಬೇಕು. 36 ಚಿತ್ರಗಳ ರೀಲು ಮುಗಿಯುವತನಕ ಅದನ್ನು ಮುಟ್ಟುವ ಪ್ರಮೇಯವೇ ಇರಲಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ಕಾಲ ಅದು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಖಾತೆ ನೋಡಿಕೊಂಡ ಇವರ ವನ್ಯಜೀವಿ ಛಾಯಾಗ್ರಹಣದ ದಿನಚರಿ 'ಸನ್‌ಲೈಟ್ ಅಂಡ್ ಶ್ಯಾಡೋಸ್' 1983ರಲ್ಲಿ ಹೊರಬಂತು. ಆ ಪೀಳಿಗೆಯವರ ಕೌಶಲವನ್ನು ನಾವು ಹೊಗಳುತ್ತೇವೆ, ಹೊಗಳಲೇಬೇಕು. ಜೊತೆಗೆ ಅವರ ಕಾಲದ ಯಂತ್ರಗಳಿಗೂ ಸ್ವಲ್ಪ ಶ್ರೇಯ ಸಲ್ಲಬೇಕು. ಶಟರ್, ಅಪರ್ಚರ್, ಫೋಕಸ್ ಎಂಬ ಮೂರೇ ಮೂರು ಹಿಡಿಗಳು, ಪ್ರತಿಯೊಂದರ ಮೇಲೂ ಕೆತ್ತಿದ ಅಂಕಿ. ಬ್ಯಾಟರಿ ಸತ್ತಿದ್ದರೂ ಮೇಲಿನಿಂದ ಒಮ್ಮೆ ನೋಡಿದರೆ ಕ್ಯಾಮೆರಾ ಯಾವ ಸ್ಥಿತಿಯಲ್ಲಿದೆ ಎಂದು ಗೊತ್ತಾಗುತ್ತಿತ್ತು.

1985ರ ಮಿನೋಲ್ಟಾ 7000 ಅಂಕಿಗಳಿದ್ದ ಡಯಲನ್ನು ಕಿತ್ತು ಗುಂಡಿಗಳನ್ನು ಇಟ್ಟಿತು. ಮರುವರ್ಷ ಬಂದ ಕ್ಯಾನನ್ ಟಿ90 ಶಟರ್ ಗುಂಡಿಯ ಹಿಂದೆಯೇ ಅಂಕಿಗಳಿಲ್ಲದ ಒಂದು ಚಕ್ರ ಕೂರಿಸಿತು. ತೋರುಬೆರಳು ಕದಲುವಷ್ಟು ದೂರದಲ್ಲೇ ಎಲ್ಲವೂ ಸಿಗುವ ಆ ಚಕ್ರ ಒಂದು ದೊಡ್ಡ ಅನುಕೂಲ, ಇಂದಿನ ಬಹುತೇಕ ಕ್ಯಾಮೆರಾಗಳಲ್ಲಿ ಅದರ ಸಂತತಿಯಿದೆ. ಆದರೆ ಒಂದೇ ಚಕ್ರ ಈಗ ಶಟರ್, ಇನ್ನೊಂದು ಗುಂಡಿ ಒತ್ತಿದರೆ ಐಎಸ್‌ಒ, ಮತ್ತೊಂದು ಒತ್ತಿದರೆ ಫೋಕಸ್ ಬಿಂದು. ಚಕ್ರದ ಮೈಮೇಲೆ ಏನೂ ಬರೆದಿಲ್ಲ. ತಿರುಗಿದ್ದು ಗೊತ್ತಾಗಬೇಕಾದರೆ ವ್ಯೂಫೈಂಡರಿನ ಅಂಚಿನ ಸಣ್ಣ ಅಂಕಿಯನ್ನು ಓದಬೇಕು. ತಾಳಿಯ ಕಡೆ ನೆಟ್ಟ ಕಣ್ಣು ಅದನ್ನು ಓದುವುದಿಲ್ಲ.

ಹೀಗೆ ತಿಳಿಯದೇ ಆಗುವ ಬದಲಾವಣೆಯ ಬೆಲೆ ಎಷ್ಟು? ಸಾಮಾನ್ಯವಾಗಿ ಒಂದು ಟಿಕ್ ಎಂದರೆ ಮೂರನೇ ಒಂದು ಸ್ಟಾಪ್, ಬೆಳಕು ಸುಮಾರು ಶೇ 26ರಷ್ಟು ಹೆಚ್ಚುತ್ತದೆ. ಮೂರು ಟಿಕ್‌ಗೆ, ಅಂದರೆ ಒಂದು ಸ್ಟಾಪ್‌ಗೆ, ಎರಡು ಪಟ್ಟು, ಒಂಬತ್ತು ಟಿಕ್‌ಗೆ ಎಂಟು ಪಟ್ಟು. ತಿರುಗಿಸಲು ಮರೆತರೂ ಪೆಟ್ಟು ಇಂಥದ್ದೇ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಒಳಗಿನ ಮಂದ ಬೆಳಕಿಗೆಂದು ಐಎಸ್‌ಒ 6400, ಅಪರ್ಚರ್ ಎಫ್/2.8 ಇಟ್ಟುಕೊಂಡವರು ಹಾಗೆಯೇ ಹೊರಗಿನ ಬಿಸಿಲಿಗೆ ಬಂದರು ಎನ್ನಿ. ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಯಷ್ಟಿರಬೇಕು ಎಂಬ ಹಳೆಯ ಸೂತ್ರದಂತೆ, ಇಲ್ಲಿ 1/6400 ಸೆಕೆಂಡು ಬೇಕು. ಎಫ್/2.8 ಅದಕ್ಕಿಂತ 32 ಪಟ್ಟು ಬೆಳಕು ಬಿಡುವುದರಿಂದ ಸುಮಾರು 1/2,00,000 ಸೆಕೆಂಡು ಬೇಕಾಗುತ್ತದೆ. ಕ್ಯಾಮೆರಾದ ಯಾಂತ್ರಿಕ ಶಟರ್ 1/8000ಕ್ಕೇ ನಿಂತುಬಿಡುತ್ತದೆ. ಅಗತ್ಯಕ್ಕಿಂತ ಇಪ್ಪತ್ತೈದು ಪಟ್ಟು ಬೆಳಕು ಬಿದ್ದ ಆ ಚಿತ್ರದಲ್ಲಿ ಬಿಳಿ ಪಂಚೆ, ಕಲ್ಲಿನ ಕೆತ್ತನೆ, ಆಕಾಶ ಎಲ್ಲವೂ ಅಳಿಸಿಹೋಗಿರುತ್ತವೆ. ಹೀಗೆ ತುಂಬಿ ಚೆಲ್ಲಿದ ಬಿಳಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು, ಸಂವೇದಕ ಅಲ್ಲಿ ಏನನ್ನೂ ದಾಖಲಿಸಿಲ್ಲ.

ಕಂಪನಿಗಳು ತಡವಾಗಿಯಾದರೂ ಎಚ್ಚೆತ್ತವು. 2010ರಲ್ಲಿ ಬಂದ ಕ್ಯಾನನ್ 60ಡಿಯ ಮೋಡ್ ಡಯಲ್ ನಡುವೆ ಒಂದು ಬೀಗದ ಗುಂಡಿ ಬಂತು, ಅದನ್ನು ಒತ್ತದೆ ಡಯಲ್ ತಿರುಗದು. ಅದಕ್ಕಿಂತ ದುಬಾರಿಯಾದ 5ಡಿ ಮಾರ್ಕ್ 2 ಮತ್ತು 7ಡಿಯಲ್ಲಿ ಅದು ಇರಲಿಲ್ಲ. ಆಮೇಲೆ ಆ ಕ್ಯಾಮೆರಾಗಳ ಡಯಲಿಗೂ ಬೀಗ ಕೂರಿಸಿಕೊಡುವ ಸೇವೆಯನ್ನು ಕಂಪನಿ ಆರಂಭಿಸಿತು, ಶುಲ್ಕ ಪಡೆದು. ಮಾರಿಯಾದ ಯಂತ್ರವನ್ನು ಹೀಗೆ ತಿದ್ದಲು ಹೊರಟದ್ದೇ ಈ ದೂರು ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ. ಶುಲ್ಕ ಪಡೆಯಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ನಿಕಾನ್ ಡಿ7000ದ ಮೋಡ್ ಡಯಲಿಗೂ ಬೀಗವಿರಲಿಲ್ಲ, 2013ರ ಡಿ7100ರಲ್ಲಿ ಸೇರಿತು. ಸೋನಿ ತನ್ನ ಎಕ್ಸ್‌ಪೋಶರ್ ತಿದ್ದುಪಡಿಯ ಡಯಲಿಗೆ 2019ರ ಎ7ಆರ್ 4ರಲ್ಲಿ ಬೀಗ ಹಾಕಿತು.

ಎಲ್ಲಕ್ಕಿಂತ ಪಾಠದಂತಿರುವುದು ಫ್ಯೂಜಿಫಿಲ್ಮ್ ಕಥೆ. 2014ರ ಎಕ್ಸ್-ಟಿ1ರಲ್ಲಿ ಐಎಸ್‌ಒ ಡಯಲಿನ ನಡುವಿನ ಗುಂಡಿಯನ್ನು ಪ್ರತಿ ಸಲವೂ ಒತ್ತಿ ಹಿಡಿದೇ ತಿರುಗಿಸಬೇಕಿತ್ತು. ಫಿಲ್ಮ್ ಕಾಲಕ್ಕಾದರೆ ಇದು ತಕ್ಕ ಬಿಗಿ. ಡಿಜಿಟಲ್‌ನಲ್ಲಿ ಐಎಸ್‌ಒ ಚಿತ್ರದಿಂದ ಚಿತ್ರಕ್ಕೆ ಬದಲಾಗುವ ಸಂಗತಿ, ಬೀಗ ಕಾಟವಾಯಿತು. ಎರಡು ವರ್ಷದ ನಂತರ ಎಕ್ಸ್-ಟಿ2ರಲ್ಲಿ ಅವರು ಒಮ್ಮೆ ಒತ್ತಿದರೆ ಬೀಗ, ಇನ್ನೊಮ್ಮೆ ಒತ್ತಿದರೆ ಮುಕ್ತ ಎಂಬಂತೆ ಬದಲಿಸಿದರು. ಬಿಗಿ ಬೇಕೋ ಸಡಿಲ ಬೇಕೋ ಎಂಬ ತೀರ್ಮಾನ ಬಳಸುವವರ ಕೈಗೆ ಬಂತು. ನಾನು ಕಂಡ ಪರಿಹಾರಗಳಲ್ಲಿ ಇದೇ ಹೆಚ್ಚು ಮನುಷ್ಯರಿಗೆ ಒಗ್ಗುವಂಥದ್ದು.

ಇನ್ನು ಟಚ್‌ಸ್ಕ್ರೀನ್. ಇದಕ್ಕೆ ಕಚ್ಚೂ ಇಲ್ಲ, ಸ್ಪ್ರಿಂಗೂ ಇಲ್ಲ. ಚರ್ಮ ಹತ್ತಿರ ಬಂದಾಗ ಗಾಜಿನಡಿಯ ವಿದ್ಯುತ್ ಆವೇಶದಲ್ಲಾಗುವ ಸಣ್ಣ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಅದರ ಮಟ್ಟಿಗೆ ಬೆರಳಿನ ಚರ್ಮವೂ ಮೂಗಿನ ಚರ್ಮವೂ ಒಂದೇ. ಎಡಗಣ್ಣಿನಿಂದ ವ್ಯೂಫೈಂಡರ್ ನೋಡುವವರ ಮೂಗು ಪರದೆಗೆ ತಾಗಿ, ವಧುವಿನ ಮುಖದ ಮೇಲಿದ್ದ ಫೋಕಸ್ ಬಿಂದು ಹಿಂದಿನ ಹೂವಿನ ಅಲಂಕಾರಕ್ಕೆ ಹಾರಿರುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬೆವರೂ ಸೇರುತ್ತದೆ. ಬೆವರಿನ ಉಪ್ಪುನೀರು ವಿದ್ಯುತ್ ವಾಹಕವಾದ್ದರಿಂದ ಪರದೆಯ ಮೇಲಿನ ಹನಿಯೂ ಸ್ಪರ್ಶದಂತೆ ಎಣಿಕೆಯಾಗಬಹುದು. ಪರದೆಯ ಒಂದು ಭಾಗ ಮಾತ್ರ ಸ್ಪರ್ಶಕ್ಕೆ ಓಗೊಡುವಂತೆ ಮಾಡುವ ಆಯ್ಕೆ ಹಲವು ಕ್ಯಾಮೆರಾಗಳ ಮೆನುವಿನಲ್ಲಿದೆ. ಇದ್ದರೂ ಆಳದಲ್ಲೆಲ್ಲೋ ಹುದುಗಿರುತ್ತದೆ.

ಯಾವುದಕ್ಕೆ ಬೀಗ ಬೇಕು ಎಂಬುದಕ್ಕೆ ಎಷ್ಟು ಸಲ ಮುಟ್ಟುತ್ತೇವೆ ಎಂಬ ಅಳತೆಯೊಂದೇ ಸಾಲದು, ತಪ್ಪಾದರೆ ತಿದ್ದಬಹುದೇ ಎಂಬುದನ್ನೂ ನೋಡಬೇಕು. ರಾ ಕಡತದಲ್ಲಿ ತೆಗೆದಿದ್ದರೆ ವೈಟ್ ಬ್ಯಾಲೆನ್ಸ್ ಹಾಳಾದದ್ದನ್ನು ಮನೆಗೆ ಬಂದು ಸರಿಪಡಿಸಬಹುದು, ತುಸು ಕಪ್ಪಾದ ಚಿತ್ರವನ್ನೂ ಎತ್ತಬಹುದು. ಆದರೆ ಲೆನ್ಸಿನ ಬದಿಯಲ್ಲಿರುವ ಆಟೊ-ಮ್ಯಾನುವಲ್ ಫೋಕಸ್ ಸ್ವಿಚ್ ಜಾರಿದ್ದರೆ? ಸಿರುಗುಪ್ಪದ ಎರೆಭೂಮಿಯಲ್ಲಿ ಎರ್ಲಡ್ಡು ಹಕ್ಕಿ ಕಾಣಿಸುವುದೇ ಅಪರೂಪ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಜಗತ್ತು ಕರೆಯುವ, ಅಳಿವಿನಂಚಿನ ಈ ಹಕ್ಕಿ ದೂರದಲ್ಲಿ ರೆಕ್ಕೆ ಬಿಚ್ಚಿದಾಗ, ಜೀಪಿನ ಬಾಗಿಲಿಗೆ ತಿಕ್ಕಿ ಸ್ವಿಚ್ ಸರಿದ ಲೆನ್ಸ್ ಸುಮ್ಮನೆ ಕೂತಿರುತ್ತದೆ. ಮಸುಕಾದ ಹಕ್ಕಿಯನ್ನು ಯಾರೂ ಸ್ಪಷ್ಟಗೊಳಿಸಲಾರರು. ದುಬಾರಿ ಟೆಲಿ ಲೆನ್ಸ್‌ಗಳ ಆ ಸ್ವಿಚ್ಚಿನ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿರುವುದನ್ನು ಹಕ್ಕಿ ಛಾಯಾಗ್ರಾಹಕರ ಗುಂಪಿನಲ್ಲಿ ನೀವು ನೋಡಿರಬಹುದು. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಮಾಡಿದವರು ಬಿಟ್ಟ ಕೆಲಸವನ್ನು ಆ ಟೇಪು ಮಾಡುತ್ತಿದೆ.

ಕೈಯಲ್ಲಿರುವ ಕ್ಯಾಮೆರಾಕ್ಕೆ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಸಿ1, ಸಿ2 ಎಂದು ಡಯಲ್ ಮೇಲೆ ಬರೆದಿರುತ್ತದಲ್ಲ, ಅಲ್ಲಿ ನಿಮ್ಮ ಮದುವೆಮಂಟಪದ ಹೊಂದಿಕೆ, ಬಯಲಿನ ಹೊಂದಿಕೆಗಳನ್ನು ಉಳಿಸಿಡಿ. ಚಕ್ರ ಏನೇ ತಿರುಗಿದ್ದರೂ ಡಯಲನ್ನು ಒಮ್ಮೆ ಆಚೆ ಸರಿಸಿ ಮತ್ತೆ ಸಿ1ಕ್ಕೆ ತಂದರೆ ಕ್ಯಾನನ್‌ನಂಥ ಕ್ಯಾಮೆರಾಗಳು ಉಳಿಸಿಟ್ಟ ಸ್ಥಿತಿಗೇ ಮರಳುತ್ತವೆ. ಹೊಸದನ್ನು ಕೊಳ್ಳುವವರು ಮೆಗಾಪಿಕ್ಸೆಲ್ ಕೇಳುವ ಮೊದಲು ಅಂಗಡಿಯಲ್ಲೇ ಪಟ್ಟಿ ಹಾಕಿಸಿ, ಕ್ಯಾಮೆರಾವನ್ನು ಹೆಗಲಿಗೆ ತೂಗುಹಾಕಿಕೊಂಡು ಒಂದಷ್ಟು ಹೊತ್ತು ಓಡಾಡಿ, ಬಗ್ಗಿ, ಕೂತು, ಎದ್ದು ನೋಡಿ. ಆಮೇಲೆ ಎಲ್ಲ ಡಯಲುಗಳೂ ಇಟ್ಟ ಜಾಗದಲ್ಲೇ ಇವೆಯೇ ಪರೀಕ್ಷಿಸಿ. ಒಂದಾದರೂ ಸರಿದಿದ್ದರೆ ಇನ್ನೊಂದು ಮಾದರಿ ತೋರಿಸಲು ಹೇಳಿ, ಕಾರಣವನ್ನೂ ಅಂಗಡಿಯವರಿಗೆ ತಿಳಿಸಿ ಬನ್ನಿ.