ಮಗುವಿನ ಮಾತು ತಡವಾದಾಗ ಕನ್ನಡವನ್ನು ಬಿಡಬೇಕೆ?

ಡ್ಯಾಲಸ್ ಬಳಿಯ ಫ್ರಿಸ್ಕೊದಿಂದಲೋ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಿಂದಲೋ, ಆಸ್ಟಿನ್ ಹೊರವಲಯದ ರೌಂಡ್ ರಾಕ್‌ನಿಂದಲೋ ಕರೆ ಮಾಡುವ ಕನ್ನಡ ತಂದೆತಾಯಿಯರು ತಮ್ಮ ಮಗುವಿಗೆ ಇನ್ನೂ ಮಾತು ಬಂದಿಲ್ಲವೆಂದು ಹೇಳಿದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಡಾಕ್ಟರೇ, ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡೋಣವೆ?"

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಕುಟುಂಬಕ್ಕೆ ನಾನು ಹೌದು ಎಂದಿದ್ದೆ. ತಾಯಿ ತಮಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಗನೊಡನೆ ಮಾತನಾಡತೊಡಗಿದರು. ಆಡುವ ಮಾತೇ ಕಡಿಮೆಯಾಯಿತು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ ಮೊಮ್ಮಗನ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು. ಒಂದು ವರ್ಷದ ಬಳಿಕ ಶ್ರವಣ ಪರೀಕ್ಷೆ ಮಾಡಿಸಿದಾಗ ಹುಡುಗನ ಎರಡೂ ಮಧ್ಯಕಿವಿಗಳಲ್ಲಿ ದ್ರವ ನಿಂತು ಕೇಳಿಸುವುದು ಮಂದವಾಗಿದ್ದುದು ತಿಳಿಯಿತು. ಕನ್ನಡ ನಿರಪರಾಧಿಯಾಗಿತ್ತು. ಕಿವಿ ಪರೀಕ್ಷೆಯನ್ನು ಮೊದಲೇ ಹೇಳದೆ ಹೋದುದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿದೆ.

ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಭಾಷಾದೋಷ ಉಂಟಾಗುವುದಿಲ್ಲ. ಇದ್ದ ದೋಷ ಉಲ್ಬಣಿಸುವುದೂ ಇಲ್ಲ. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯದಲ್ಲಿಯೂ ಅಧ್ಯಯನಗಳು ಈ ಮಾತನ್ನೇ ಬೆಂಬಲಿಸುತ್ತವೆ. ನಿಜವಾದ ಭಾಷಾದೋಷ ಎರಡೂ ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಕನ್ನಡದಲ್ಲಿ ಸರಾಗವಾಗಿ ಮಾತನಾಡಿ ಇಂಗ್ಲಿಷಿನಲ್ಲಿ ಮಾತ್ರ ತಡವರಿಸುತ್ತಿದ್ದರೆ ಅದು ರೋಗವಲ್ಲ, ಕಲಿಕೆಯ ಒಂದು ಹಂತ.

ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಸೇರಿಸಿ ಎಣಿಸಬೇಕು. ಎರಡು ವರ್ಷಕ್ಕೆ ಎರಡು ಪದಗಳ ಜೋಡಣೆ, ಎರಡೂವರೆಗೆ ಸುಮಾರು 50 ಪದಗಳು ಎಂಬುದು ಅಮೆರಿಕದ ಮಕ್ಕಳ ವೈದ್ಯರು ಇಂದು ಬಳಸುವ ಅಳತೆ. ಇಲ್ಲಿ ಕನ್ನಡದ ಸ್ವಭಾವ ಒಂದು ತೊಡಕನ್ನು ಒಡ್ಡುತ್ತದೆ. ನಮ್ಮ ಮಗು "ಬರಲ್ಲ" ಎಂದಾಗ ಲೆಕ್ಕಕ್ಕೆ ಸಿಗುವುದು ಒಂದು ಪದ. ಇಂಗ್ಲಿಷ್ ಮಗು ಅದೇ ಅರ್ಥಕ್ಕೆ "ಐ ವೋಂಟ್ ಕಮ್" ಎಂದು ಮೂರು ಪದ ಬಳಸುತ್ತದೆ. "ಮನೇಲಿ" ಎಂಬಲ್ಲಿ ನಾಮಪದದ ಜೊತೆಗೆ ವಿಭಕ್ತಿಯೂ ಅಡಗಿದೆ. ಪದಗಳ ನಡುವಿನ ಖಾಲಿ ಜಾಗವನ್ನಷ್ಟೇ ನೋಡಿ ಎಣಿಸುವವರಿಗೆ ಕನ್ನಡದ ಮಗು ಹಿಂದುಳಿದಂತೆ ತೋರುವುದು ಸಹಜ. ಉಚ್ಚಾರಣೆಯ ವಿಷಯವೂ ಹಾಗೆಯೇ. "ಹಾಲು" ಎನ್ನುವುದನ್ನು ಅಜ್ಜಿ "ಆಲು" ಎನ್ನುವ ಮನೆಯಲ್ಲಿ ಮಗುವೂ ಹಾಗೆಂದರೆ ಅದು ಆ ಸೀಮೆಯ ಕನ್ನಡ, ದೋಷವಲ್ಲ. ಇಂಥ ಸಂಗತಿಗಳನ್ನು ಚಿಕಿತ್ಸಕರಿಗೆ ನಾವೇ ತಿಳಿಸಬೇಕು.

ಸಾಧ್ಯವಿರುವ ಮಟ್ಟಿಗೆ ಮಗುವಿನ ಮನೆಮಾತಿನಲ್ಲಿಯೇ ಮೌಲ್ಯಮಾಪನ ನಡೆಯಬೇಕೆಂದು ಇಲ್ಲಿನ ಒಕ್ಕೂಟದ ಕಾನೂನು ಹೇಳುತ್ತದೆ. ಆದ್ದರಿಂದ ಕನ್ನಡ ದುಭಾಷಿ ಬೇಕೆಂದು ಮುಂಚಿತವಾಗಿ ಬರೆದು ಕೇಳಿ. ತಾಯಿಯೇ ದುಭಾಷಿಯಾಗಬಾರದು: ಅರಿವಿಲ್ಲದೆಯೇ ಅವರು ಮಗುವಿನ ಉತ್ತರವನ್ನು ತಿದ್ದಿಬಿಡುತ್ತಾರೆ. ಕನ್ನಡಕ್ಕೆ ಹೊಂದುವ ಸಿದ್ಧ ಪರೀಕ್ಷೆ ಚಿಕಿತ್ಸಕರ ಬಳಿ ಇಲ್ಲದಿದ್ದರೂ ಇನ್ನೊಂದು ದಾರಿಯಿದೆ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕೆಲಸ ಮಾಡಿದ ಎಲಿಜಬೆತ್ ಪೆನ್ಯಾ ದ್ವಿಭಾಷಿಕ ಮಕ್ಕಳಿಗಾಗಿ ಬೆಳೆಸಿದ "ಪರೀಕ್ಷಿಸು, ಕಲಿಸು, ಮತ್ತೆ ಪರೀಕ್ಷಿಸು" ಕ್ರಮವದು. ಮಗುವಿಗೆ ಎಷ್ಟು ಗೊತ್ತಿದೆ ಎಂಬುದಕ್ಕಿಂತ ಹೊಸದನ್ನು ಕಲಿಸಿದಾಗ ಎಷ್ಟು ಬೇಗ ಹಿಡಿಯುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಮಾತು ಮತ್ತು ಶ್ರವಣ ಎರಡರ ಪರೀಕ್ಷೆಯೂ ಒಂದೇ ಸೂರಿನಡಿ ನಡೆಯುವ ಸ್ಥಳಗಳಲ್ಲಿ 1975ರಿಂದ ಯು.ಟಿ. ಡ್ಯಾಲಸ್‌ನ ಭಾಗವಾಗಿರುವ ಕ್ಯಾಲಿಯರ್ ಸೆಂಟರ್ ಒಂದು.

ಇನ್ನು ಕಾಲದ ಮಾತು. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎನ್ನುವ ಹಿರಿಯರ ಸಮಾಧಾನವೂ ನಾಲಿಗೆಗೆ ಸವರುವ ಬಜೆಯೂ ಎಷ್ಟೋ ತಿಂಗಳುಗಳನ್ನು ತಿಂದುಹಾಕುತ್ತವೆ. ಟೆಕ್ಸಾಸಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಇ.ಸಿ.ಐ. ಎಂಬ ಸರ್ಕಾರಿ ಕಾರ್ಯಕ್ರಮವಿದೆ. ವೈದ್ಯರ ಚೀಟಿ ಬೇಡ, ತಂದೆತಾಯಿಯರೇ ಕರೆ ಮಾಡಬಹುದು. ಮೌಲ್ಯಮಾಪನಕ್ಕೆ ಹಣವಿಲ್ಲ, ಕರೆ ಬಂದ 45 ದಿನಗಳೊಳಗೆ ಅದು ಮುಗಿದು ಮುಂದಿನ ಯೋಜನೆ ಸಿದ್ಧವಾಗಬೇಕು. ಚಿಕಿತ್ಸಕರು ಮನೆಗೇ ಬರುತ್ತಾರೆ. ಆ ಸೇವೆಯ ವೆಚ್ಚದಲ್ಲಿ ಕುಟುಂಬದ ಪಾಲು ಆದಾಯವನ್ನು ಅವಲಂಬಿಸಿದೆ. ಮೂರನೆಯ ಹುಟ್ಟುಹಬ್ಬದ ದಿನ ಈ ಬಾಗಿಲು ಮುಚ್ಚುತ್ತದೆ.

ಆಮೇಲಿನ ಹೊಣೆ ನಿಮ್ಮ ಶಾಲಾ ಡಿಸ್ಟ್ರಿಕ್ಟಿನದು. ಮಗು ಇನ್ನೂ ಶಾಲೆಗೆ ಸೇರದಿದ್ದರೂ ಉಚಿತ ಮೌಲ್ಯಮಾಪನ ಕೇಳಬಹುದು. ಬಾಯಿಮಾತಿನಲ್ಲಿ ಕೇಳಬೇಡಿ, ದಿನಾಂಕ ಹಾಕಿ ಬರೆದು ಕೊಡಿ; ಲಿಖಿತ ಕೋರಿಕೆಗೆ 15 ಶಾಲಾದಿನಗಳೊಳಗೆ ಉತ್ತರ ಬರಬೇಕು. ಇಷ್ಟು ಒತ್ತಿ ಹೇಳಲು ಕಾರಣವಿದೆ. 2004ರಿಂದ ಟೆಕ್ಸಾಸಿನ ಶಿಕ್ಷಣ ಇಲಾಖೆ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣಕ್ಕೆ 8.5 ಶೇಕಡದ ಗುರಿಯೊಂದನ್ನು ಇಟ್ಟುಕೊಂಡಿತ್ತು. ಅರ್ಹ ಮಕ್ಕಳನ್ನೂ ಹೊರಗಿಡಲು ಇದು ಕಾರಣವಾಗಿದೆಯೆಂದು 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬಯಲಿಗೆಳೆಯಿತು. ಮರುವರ್ಷ ಶಾಸನಸಭೆ ಅಂಥ ಮಿತಿಯನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ರಾಜ್ಯವು ಕಾನೂನು ಮುರಿದಿದೆಯೆಂದು ಒಕ್ಕೂಟದ ಶಿಕ್ಷಣ ಇಲಾಖೆ ತೀರ್ಮಾನಿಸಿತು. "ಎರಡು ಭಾಷೆಯ ಮನೆ ತಾನೆ, ಕಾದು ನೋಡೋಣ" ಎಂಬ ಉತ್ತರ ಈಗಲೂ ಬಂದರೆ ಸುಮ್ಮನಾಗಬೇಡಿ.

ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಲೋಗೊಪೆಡಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ, ಮಾನಸಗಂಗೋತ್ರಿಯ ಈ ಸಂಸ್ಥೆ ಕನ್ನಡ ಮಕ್ಕಳ ಮಾತನ್ನು ಕನ್ನಡದಲ್ಲಿಯೇ ಪರೀಕ್ಷಿಸಿ ವರದಿ ಕೊಡಬಲ್ಲುದು. ಹೊರಗಿನಿಂದ ತಂದ ಇಂಥ ವರದಿಯನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಅರ್ಹರು ಸಿದ್ಧಪಡಿಸಿದ್ದನ್ನು ಇಲ್ಲಿನ ಶಾಲೆ ಪರಿಶೀಲಿಸಲೇಬೇಕು.

ಚಿಕಿತ್ಸೆಯೆಂದರೆ ವಾರಕ್ಕೆ ಅರ್ಧ ಗಂಟೆಯ ಅಭ್ಯಾಸವಷ್ಟೇ ಅಲ್ಲ. ಒಳ್ಳೆಯ ಚಿಕಿತ್ಸಕರು ತಂದೆತಾಯಿಯರಿಗೂ ಕಲಿಸುತ್ತಾರೆ: ಮಗು ನೋಡುತ್ತಿರುವುದನ್ನೇ ಹೆಸರಿಸುವುದು, ಮಗು "ದೋಸೆ" ಎಂದರೆ "ಬಿಸಿ ದೋಸೆ" ಎಂದು ಒಂದು ಪದ ಕೂಡಿಸಿ ಹೇಳುವುದು, ಪ್ರಶ್ನೆ ಕೇಳಿದ ಮೇಲೆ ಐದು ಎಣಿಸುವವರೆಗೆ ಕಾಯುವುದು. ಇವನ್ನು ಯಾರು ಯಾವ ಭಾಷೆಯಲ್ಲಿ ಸಹಜವಾಗಿ ಮಾಡಬಲ್ಲರೋ ಆ ಭಾಷೆಯಲ್ಲಿ ಮಾಡಬೇಕು. ಆ ಹಾಸನದ ಅಜ್ಜಿಗೆ ಇದನ್ನು ಹತ್ತು ನಿಮಿಷದಲ್ಲಿ ಹೇಳಿಕೊಡಬಹುದಿತ್ತು.