ಹೆರಿಗೆಯ ವಿಧಾನ ಮತ್ತು ಶಿಶುವಿನ ಉಸಿರು

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶಗಳಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಹೆರಿಗೆಯ ಬೇನೆ ಆರಂಭವಾದೊಡನೆ ಶಿಶುವಿನ ದೇಹದಲ್ಲಿ ಕೆಲವು ಹಾರ್ಮೋನುಗಳು ಹೆಚ್ಚಿ, ಆ ದ್ರವವು ಹೀರಿಹೋಗತೊಡಗುತ್ತದೆ. ಬೇನೆಯು ತಾಯಿಗೆ ಕಷ್ಟವಾದರೂ ಶಿಶುವನ್ನು ಮೊದಲ ಉಸಿರಿಗೆ ಸಿದ್ಧಗೊಳಿಸುತ್ತದೆ.

ಬೇನೆ ಬರುವ ಮೊದಲೇ ಸಿಸೇರಿಯನ್ ಶಸ್ತ್ರಚಿಕಿತ್ಸೆ ನಡೆದರೆ ಈ ಸಿದ್ಧತೆ ಅಪೂರ್ಣವಾಗುತ್ತದೆ. ಅಂಥ ಕೆಲವು ಶಿಶುಗಳು ಏದುಸಿರು ಬಿಡುತ್ತವೆ. ಸಾಮಾನ್ಯವಾಗಿ ಇದು ಎರಡು ಮೂರು ದಿನಗಳಲ್ಲಿ ಗುಣವಾಗುವುದು. ಕೆಲವು ಶಿಶುಗಳಿಗೆ ಆಮ್ಲಜನಕ ಬೇಕಾಗುತ್ತದೆ. ಕಡೆಯ ಮುಟ್ಟಿನ ಮೊದಲ ದಿನದಿಂದ 39 ವಾರ ತುಂಬುವ ಮುನ್ನ ಈ ಅಪಾಯ ಹೆಚ್ಚು. ಆದುದರಿಂದ ಶುಭ ನಕ್ಷತ್ರ ನೋಡಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಸಲ್ಲದು.

ಸಿಸೇರಿಯನ್‌ನಿಂದ ಜನಿಸಿದ ಮಕ್ಕಳಲ್ಲಿ ಮುಂದೆ ಉಬ್ಬಸ ಸ್ವಲ್ಪ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಈ ವ್ಯತ್ಯಾಸ ಚಿಕ್ಕದು. ಶಸ್ತ್ರಚಿಕಿತ್ಸೆಯೇ ಅದಕ್ಕೆ ಕಾರಣವೆಂದು ಸಿದ್ಧಪಟ್ಟಿಲ್ಲ. ಹೀಗೆ ಜನಿಸಿದ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಬೆಳೆಯುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ ಸುಮಾರು 24 ಹೆರಿಗೆಗಳು ಸಿಸೇರಿಯನ್ ಆಗಿದ್ದವು. 2019-21ರಲ್ಲಿ ಆ ಪ್ರಮಾಣ 31ನ್ನು ಮೀರಿತು. ಬೇನೆಗೆ ಅಂಜಿ ಶಸ್ತ್ರಚಿಕಿತ್ಸೆ ಕೇಳುವುದು ಎಷ್ಟು ತಪ್ಪೋ, ಅಗತ್ಯವಾದಾಗ ಬೇಡವೆನ್ನುವುದೂ ಅಷ್ಟೇ ಅಪಾಯಕರ. ಮಗು ಅಡ್ಡಲಾಗಿದ್ದರೆ, ಮಾಸು ದಾರಿಗೆ ಅಡ್ಡಬಂದಿದ್ದರೆ, ಶಿಶುವಿನ ಎದೆಬಡಿತ ಕುಗ್ಗಿದರೆ, ಸಿಸೇರಿಯನ್ ತಾಯಿ ಮಕ್ಕಳಿಬ್ಬರ ಪ್ರಾಣ ಉಳಿಸುತ್ತದೆ. ಅಂಥ ಹೊತ್ತಿನಲ್ಲಿ ಹಿರಿಯರ ಒಪ್ಪಿಗೆಗಾಗಿ ಕಾಯುತ್ತ ಕಾಲ ಕಳೆಯಬಾರದು.

ತಿಕೋಟಾ, ಬಬಲೇಶ್ವರ ಭಾಗದ ದಂಪತಿಗಳು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದೀತೇ ಎಂಬುದನ್ನು ತಿಂಗಳು ತುಂಬುವ ಮೊದಲೇ ವೈದ್ಯರಿಂದ ತಿಳಿದಿರಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆಮಾಡಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹ ಉಚಿತ.

ಹೆರಿಗೆ ಯಾವ ವಿಧದ್ದಾದರೂ ಮನೆಯಲ್ಲಿ ಪಾಲಿಸಬೇಕಾದುವು:

1. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿಸಿರಿ. ಸಿಸೇರಿಯನ್ ಆದ ತಾಯಿಗೂ ಸಹಾಯ ದೊರೆತರೆ ಇದು ಸಾಧ್ಯ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು.

2. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಬೀಡಿ ಬೇಡ. ಹೊಗೆಯು ಎಳೆಯ ಶ್ವಾಸಕೋಶಗಳಿಗೆ ಶತ್ರು.

3. ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿರಿ. ನ್ಯುಮೋನಿಯ ತಡೆಯುವ ಲಸಿಕೆಯೂ ಅವುಗಳಲ್ಲಿ ಸೇರಿದೆ.

4. ನವಜಾತ ಶಿಶು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಸೆಳೆದರೆ, ನರಳಿದರೆ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೆರಿಗೆಯ ವಿಧಾನವನ್ನು ತಾಯಿ ಮಕ್ಕಳ ಸ್ಥಿತಿ ನೋಡಿ ವೈದ್ಯರು ನಿರ್ಧರಿಸಲಿ. ಮಗುವಿನ ಉಸಿರನ್ನು ಕಾಯುವ ಹೊಣೆ ತಂದೆತಾಯಿಗಳಿಬ್ಬರದು.