ಗೂಡು ಕರಗಿಸಿ ಗಾಯಕ್ಕೆ ಕಟ್ಟುವುದು

ಜೂನ್ ಕೊನೆಯ ವಾರಗಳಲ್ಲಿ ಟೊರೊಂಟೊದ ಹಳೆಯ ಬಡಾವಣೆಗಳ ಹಿತ್ತಿಲ ಗಲ್ಲಿಗಳಲ್ಲಿ ನಡೆದರೆ ಚಪ್ಪಲಿಯ ತಳವೆಲ್ಲ ನೇರಳೆ ಬಣ್ಣ. ತಲೆಯೆತ್ತಿದರೆ ನಮ್ಮ ಹಿಪ್ಪುನೇರಳೆ! ಬಹುಪಾಲು ಯಾರೂ ನೆಟ್ಟದ್ದಲ್ಲ, ಹಕ್ಕಿ ಬಿತ್ತಿದ್ದು. ರೇಷ್ಮೆಯ ಆಸೆಗೆ ಶತಮಾನಗಳ ಹಿಂದೆ ಏಷ್ಯಾದಿಂದ ಉತ್ತರ ಅಮೆರಿಕಕ್ಕೆ ತಂದ ಜಾತಿ ಇದು. ರೇಷ್ಮೆ ಇಲ್ಲಿ ಬೇರು ಬಿಡಲಿಲ್ಲ, ಮರ ಬಿಟ್ಟಿತು. ಒಂಟಾರಿಯೊದ ಸ್ವಂತ ಕೆಂಪು ಹಿಪ್ಪುನೇರಳೆ ಇದರ ಜೊತೆ ಬೆರಕೆಯಾಗುತ್ತ ಈಗ ಅಳಿವಿನಂಚಿನಲ್ಲಿದೆ.

ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳ ನಡುವೆ ಬೆಳೆದ ನನಗೆ ಮರ ಕಂಡರೆ ಹುಳು ನೆನಪಾಗುತ್ತದೆ. ಕಳೆದ ಚಳಿಗಾಲದಲ್ಲಿ ಮಿಸ್ಸಿಸಾಗಾದಲ್ಲಿ ದವಡೆ ಹಲ್ಲು ಕೀಳಿಸಿಕೊಂಡಾಗ ಹುಳು ಬಾಯೊಳಗೇ ಬಂತು. ವೈದ್ಯೆ ಹಾಕಿದ ಕಪ್ಪು ಹೊಲಿಗೆ ರೇಷ್ಮೆಯದು. 'ಒಂದು ವಾರ ಬಿಟ್ಟು ಬನ್ನಿ, ತೆಗೆಯುತ್ತೇನೆ' ಎಂದರು. ರೇಷ್ಮೆ ದಾರದಿಂದ ಗಾಯ ಹೊಲಿಯುವುದು ಹಳೆಯ ವಿದ್ಯೆ. ಹೊಸದು, ಗೂಡನ್ನೇ ನೀರಾಗಿ ಕರಗಿಸಿ ಬೇಕಾದ ಆಕಾರಕ್ಕೆ ಮತ್ತೆ ಗಟ್ಟಿ ಮಾಡುವುದು.

ಹಣ್ಣಾದ ಹುಳುವಿನ ಮೈಯೊಳಗೆ ರೇಷ್ಮೆ ದಾರವಾಗಿ ಸುತ್ತಿಕೊಂಡಿರುವುದಿಲ್ಲ, ಅಂಟುದ್ರವವಾಗಿರುತ್ತದೆ. ಎರಡು ಗ್ರಂಥಿಗಳಿಂದ ಎರಡು ಎಳೆ. ಎರಡನ್ನೂ ಸೇರಿಸಿ ಮೆತ್ತುವ ಗೋಂದು ಬೇರೆ. ಎಳೆಯ ಪ್ರೋಟೀನ್ ಫೈಬ್ರಾಯಿನ್, ಗೋಂದಿನದು ಸೆರಿಸಿನ್. ಗೂಡಿನ ತೂಕದಲ್ಲಿ ಫೈಬ್ರಾಯಿನ್ ಮುಕ್ಕಾಲು ಪಾಲು, ಉಳಿದದ್ದು ಬಹುತೇಕ ಗೋಂದು. ಹುಳು ತಲೆಯಾಡಿಸುತ್ತ ಎಳೆಯನ್ನು ಎಳೆದಂತೆಲ್ಲ ಪ್ರೋಟೀನಿನ ಸರಪಳಿಗಳು ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ಗ್ಲೈಸಿನ್, ಅಲನಿನ್ ಎಂಬ ಪುಟ್ಟ ಅಮೈನೋ ಆಮ್ಲಗಳೇ ಹೆಚ್ಚಿರುವುದರಿಂದ ನೆರಿಗೆಗಳ ನಡುವೆ ನೀರಿಗೂ ಜಾಗವಿಲ್ಲ. ಆದ್ದರಿಂದಲೇ ಮಳೆಗೆ ನೆನೆದ ಗೂಡು ಕರಗುವುದಿಲ್ಲ.

ಪ್ರಯೋಗಾಲಯ ಈ ನೆರಿಗೆಯನ್ನು ಬಿಚ್ಚುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕ್ಯಾಪ್ಲನ್ ತಂಡ 2011ರಲ್ಲಿ ಪ್ರಕಟಿಸಿದ ವಿಧಾನವೇ ಈಗ ಹೆಚ್ಚಿನ ಕಡೆ ಬಳಕೆಯಲ್ಲಿದೆ. ಕತ್ತರಿಸಿದ ಗೂಡನ್ನು, ಲೀಟರಿಗೆ ಸುಮಾರು 2 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಗೋಂದು ಬಿಡುತ್ತದೆ. ಈ ಹೆಜ್ಜೆ ತಪ್ಪುವಂತಿಲ್ಲ: ಗೋಂದು ಉಳಿದ ಹಳೆಯ ಹೊಲಿಗೆ ದಾರಗಳೇ ಕೆಲವರಲ್ಲಿ ಅಲರ್ಜಿ ತಂದಿದ್ದು. ತೊಳೆದು ಒಣಗಿಸಿದ ಎಳೆಯನ್ನು ಲೀಟರಿನಲ್ಲಿ 800 ಗ್ರಾಂನಷ್ಟು ಲಿಥಿಯಂ ಬ್ರೋಮೈಡ್ ಇರುವ ಗಾಢ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೆ ಪೂರಾ ಕರಗುತ್ತದೆ. ಆಮೇಲೆ ಆ ಉಪ್ಪನ್ನು ಬಿಡಿಸಬೇಕು. ಕರಾವಳಿಯವರು ಹಲಸಿನ ಉಪ್ಪುಸೊಳೆಯನ್ನು ಪಲ್ಯಕ್ಕೆ ಮುಂಚೆ ನೀರಿನಲ್ಲಿ ನೆನೆಹಾಕುವಂತೆಯೇ ಇದೂ. ಸಣ್ಣ ರಂಧ್ರಗಳ ಚೀಲದಲ್ಲಿ ದ್ರಾವಣ ತುಂಬಿ, ಹೊರಗಿನ ನೀರನ್ನು ಮತ್ತೆ ಮತ್ತೆ ಬದಲಿಸುತ್ತ ಎರಡು ದಿನ ಇಡುತ್ತಾರೆ. ಉಪ್ಪು ಹೊರಗೆ, ರೇಷ್ಮೆ ಒಳಗೆ.

ಈ ತಿಳಿನೀರನ್ನು ತಟ್ಟೆಯಲ್ಲಿ ಒಣಗಿಸಿದರೆ ಗಾಜಿನಂಥ ಹಾಳೆ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು. ಹಾಗೇ ಬಿಟ್ಟ ಹಾಳೆ ನೀರಿಗೆ ಬಿದ್ದರೆ ಕರಗಿಹೋಗುತ್ತದೆ. ಮೆಥನಾಲ್‌ನಲ್ಲೋ ನೀರಾವಿಯಲ್ಲೋ ಹದ ಮಾಡಿದರೆ ನೆರಿಗೆ ಮತ್ತೆ ಕೂರುತ್ತದೆ, ಕರಗುವುದಿಲ್ಲ. ನೆರಿಗೆ ಎಷ್ಟು ಕೂರಿಸುತ್ತೀರೋ ಅಷ್ಟು ನಿಧಾನವಾಗಿ ದೇಹ ಅದನ್ನು ಅರಗಿಸಿಕೊಳ್ಳುತ್ತದೆ. ಸುಟ್ಟ ಗಾಯದ ಮೇಲಿನ ಪದರ ಬೇಗ ಕರಗಲಿ, ಮೂಳೆಗೆ ಆಸರೆಯಾದದ್ದು ತಿಂಗಳುಗಟ್ಟಲೆ ನಿಲ್ಲಲಿ ಎಂದು ಮೊದಲೇ ಹದ ಹಾಕಬಹುದು. ನನಗೆ ಬೆರಗು ಹುಟ್ಟಿಸುವುದು ಇದೇ.

ಇಲ್ಲೊಂದು ಹೆಸರಿನ ಗೊಂದಲ. ಟೊರೊಂಟೊ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ, ಒಂದು ಕಿಲೋಗಿಂತ ಹಗುರಾದ ಚರ್ಮ ಮುದ್ರಿಸುವ ಕೈಯಂತ್ರದಲ್ಲಿ ಬಳಸಿದ್ದು ಫೈಬ್ರಾಯಿನ್ ಅಲ್ಲ, ಫೈಬ್ರಿನ್ ಮತ್ತು ಕೊಲಾಜನ್. ಫೈಬ್ರಿನ್ ರಕ್ತ ಹೆಪ್ಪುಗಟ್ಟುವಾಗಿನ ಪ್ರೋಟೀನ್, ರೇಷ್ಮೆಗೂ ಅದಕ್ಕೂ ಸಂಬಂಧವಿಲ್ಲ. ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಯನ್ನು ಮಾರುಕಟ್ಟೆಗೆ ತಂದಿರುವುದು ನಮ್ಮ ಬೆಂಗಳೂರಿನ ಫೈಬ್ರೋಹೀಲ್. ಕೆನಡಾ ಹಿಡಿದದ್ದು ಜೇಡರ ದಾರಿ. ಜೇಡಗಳನ್ನು ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆಂದು ಕ್ವಿಬೆಕ್‌ನ ನೆಕ್ಸಿಯಾ ಕಂಪನಿ ಜೇಡದ ಜೀನನ್ನು ಆಡುಗಳಿಗೆ ಸೇರಿಸಿ ಹಾಲಿನಲ್ಲಿ ರೇಷ್ಮೆ ಪಡೆಯಹೊರಟಿತ್ತು. ಸುದ್ದಿ ದೊಡ್ಡದಾಯಿತು, ಕಂಪನಿ ಉಳಿಯಲಿಲ್ಲ.

ರೇಷ್ಮೆ ಪರಿಸರಸ್ನೇಹಿ ಎಂಬ ಮಾತನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಸೊಪ್ಪು ಕೊಡುತ್ತದೆ. ಪ್ಲಾಸ್ಟಿಕ್ಕಿನಂತೆ ಪೆಟ್ರೋಲಿಯಂ ಬೇಡ, ಉಳಿದ ಪ್ಯೂಪಾ ಕೋಳಿ ಮೀನುಗಳಿಗೆ ಮೇವು. ಇನ್ನೂ ಒಂದು ಲಾಭವಿದೆ. ನೂಲು ಬಿಚ್ಚಾಣಿಕೆಯವರಿಗೆ ಸುಮಾರು ಕಿಲೋಮೀಟರ್ ಉದ್ದದ ಎಳೆ ತುಂಡಾಗದೆ ಬರಬೇಕು, ಅದಕ್ಕೇ ಪ್ಯೂಪಾವನ್ನು ಒಳಗೇ ಕೊಲ್ಲುವುದು. ಔಷಧಿಗೆ ಹೇಗೂ ಕರಗಿಸುವುದರಿಂದ, ಪತಂಗ ತೂತು ಮಾಡಿ ಹೊರಬಂದ ಗೂಡಾದರೂ ಸೈ. ಆದರೆ ಕುದಿಸಲು ಉರಿ ಬೇಕು, ತೊಳೆಯಲು ರಾಶಿ ನೀರು ಬೇಕು, ಲಿಥಿಯಂ ಉಪ್ಪನ್ನು ಚರಂಡಿಗೆ ಬಿಡುವಂತಿಲ್ಲ. ಗೋಂದಿನ ನೀರಿನಿಂದ ಸೆರಿಸಿನ್ ಹಿಡಿದರೆ ಸರಿ, ಚೆಲ್ಲಿದರೆ ಅದೂ ಮಾಲಿನ್ಯವೇ. ಟೊರೊಂಟೊದ ಮರಗಳೋ ಚಳಿಗಾಲದುದ್ದಕ್ಕೂ ಬೋಳು. ಹಾಗಾಗಿ ಗೂಡು ರಾಮನಗರದಂಥ ಕಡೆಯಿಂದಲೇ ಬರಬೇಕು, ಅಲ್ಲಿ ವರ್ಷಕ್ಕೆ ಐದಾರು ಬೆಳೆ.

ಅಂಗಡಿಯಲ್ಲಿ ಸಿಲ್ಕ್ ಎಂದು ಬರೆದ ಕ್ರೀಮ್, ಶಾಂಪೂ ಕಂಡರೆ ಹಿಂಬದಿ ಓದಿ. 'ಹೈಡ್ರೊಲೈಸ್ಡ್ ಸಿಲ್ಕ್' ಎಂದಿದ್ದರೆ ಅದು ಚೂರು ಚೂರಾಗಿ ಕತ್ತರಿಸಿದ ಸರಪಳಿ. ಕೂದಲಿಗೆ ಹೊಳಪು ಕೊಟ್ಟೀತು, ನೆರಿಗೆ ಹಿಡಿದು ಗಾಯಕ್ಕೆ ಆಸರೆಯಾಗಿ ನಿಲ್ಲಲಾರದು. ನನ್ನ ಹೊಲಿಗೆಯನ್ನು ಎಂಟನೆಯ ದಿನ ತೆಗೆದರು. ತಟ್ಟೆಯಲ್ಲಿ ಬಿದ್ದದ್ದು ಹುಬ್ಬಿನ ಕೂದಲಿನಷ್ಟು ಉದ್ದದ ಎರಡು ಕಪ್ಪು ತುಂಡು.